ಎಡಕ್ಕೆಳೆಯುವ ಗಾಡಿ

ಬಿಕ್ಕೋಡಿನಿಂದಾಚೆ, ಬಾಗಿಲು ಹಾಕಿದ ಒಂದು ರೆಸಾರ್ಟಿನ ಗೋದಾಮಿನಲ್ಲಿ ಆ ಮೆಷೀನನ್ನು ಮೊದಲ ಸಲ ಕಂಡಾಗ ಸಮ್ಯಕ್‌ಗೆ ನಗು ತಡೆಯಲಾಗಲಿಲ್ಲ. ಕಾಫಿ ಸಿಪ್ಪೆಯ ಮೂಟೆಗಳ ನಡುವೆ ಮೂತಿ ತೂರಿಸಿಕೊಂಡು, ಮದುವೆಗೆ ಹೊರಟು ದಾರಿ ತಪ್ಪಿದ ಕಾರಿನ ಹಾಗೆ ನಿಂತಿತ್ತು ಅದು. ಎದುರಿಗೆ ಹಳೇ ಕಾಲದ ಡೊಳ್ಳುಹೊಟ್ಟೆಯ ಟಿವಿ, ಅದರ ಕೆಳಗೆ ಸ್ಟೇರಿಂಗು, ಪಕ್ಕದಲ್ಲಿ ಗೇರು, ಕಾಲಿನ ಹತ್ತಿರ ಬ್ರೇಕು ಮತ್ತು ಆಕ್ಸಿಲರೇಟರು, ಕೂರಲು ಒಂದು ಕೆಂಪು ಸೀಟು. ಚಕ್ರ ಮಾತ್ರ ಇಲ್ಲ. ಟೋಕನ್ ಹಾಕಿ ಕೂತರೆ ಕಾರು ನಿಂತಲ್ಲೇ ನಿಂತು, ಪರದೆಯ ಮೇಲೆ ರಸ್ತೆ ಓಡುವ ರೇಸಿನ ಆಟ. ಒಂದು ಕಾಲದಲ್ಲಿ ರೆಸಾರ್ಟಿಗೆ ಬಂದವರ ಮಕ್ಕಳು ಇದಕ್ಕಾಗಿ ಜಗಳ ಆಡುತ್ತಿದ್ದರಂತೆ.

ಶಶಿ ಸೀಟಿಗೆ ಒಂದು ಏಟು ಕೊಟ್ಟ. ಒಳಗಿಂದ ಇಲಿಯೊಂದು ಇಳಿದು, ಇಬ್ಬರನ್ನೂ ಒಂದು ಸಲ ನೋಡಿ, ಅವಸರವೇ ಇಲ್ಲದೆ ಹೊರಟುಹೋಯಿತು.

"ಓನರ್ ಎದ್ದೋದ್ರು ಕಣೋ," ಎಂದ ಶಶಿ. "ಇನ್ ನಮ್ದೇ."

ಶಶಿಯೂ ಸಮ್ಯಕ್ಕೂ ಅರಸೀಕೆರೆಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಈಗ ಶಶಿ ಬಿಕಾಂ, ಸಮ್ಯಕ್ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಓದು ಬೇರೆಯಾದರೂ ಸಂಜೆ ಬೇರೆಯಾಗಿರಲಿಲ್ಲ. ಶಶಿಯ ಅಪ್ಪ ಜವರಣ್ಣನವರು ಹಾಸನ ರಸ್ತೆಯಲ್ಲಿ ವಾಟರ್ ಸರ್ವಿಸ್ ಇಟ್ಟಿದ್ದರು. ಲಾರಿ, ಟ್ರ್ಯಾಕ್ಟರು, ಕಾರು, ಬೈಕು, ಕೆಸರು ಹೊತ್ತ ಯಾವುದೇ ಗಾಡಿ ಅಲ್ಲಿಗೆ ಬಂದು ಸ್ನಾನ ಮಾಡಿಕೊಂಡು ಹೋಗುತ್ತಿತ್ತು. ಸಮ್ಯಕ್‌ನ ಅಪ್ಪ ಮಧುಕುಮಾರ್ ರೈಲ್ವೆಯಲ್ಲಿ, ಅಮ್ಮ ಲತಾಮಣಿ ಸರ್ಕಾರಿ ಶಾಲೆಯಲ್ಲಿ ಮೇಡಂ. ತಾತನ ಕಾಲದಲ್ಲೇ ಬೌದ್ಧರಾದ ಮನೆ. ಮುಂದಿನ ಕೋಣೆಯಲ್ಲಿ ಬುದ್ಧ, ಅಂಬೇಡ್ಕರ್, ಅವರಿಬ್ಬರ ನಡುವೆ ರೈಲ್ವೆ ಕ್ಯಾಲೆಂಡರು.

ಮೆಷೀನನ್ನು ಪಿಕಪ್ಪಿನ ಬೆನ್ನಿಗೆ ಹಗ್ಗ ಹಾಕಿ ಬಿಗಿದು, ಮುಂದೆ ಇಬ್ಬರೇ ಕೂತು ಹೊರಟರು. ಬೇಲೂರಿನಲ್ಲಿ ಟೀ ಕುಡಿಯಲು ಇಳಿದಾಗ ಶಶಿಯ ಬಾಯಿ ನಿಲ್ಲಲಿಲ್ಲ.

"ಬಸ್ತಿಹಳ್ಳಿ ತಿರುವಲ್ಲಿ ನಮ್ ಸೋದರಮಾವನ ಮಳಿಗೆ ಖಾಲಿ ಬಿದ್ದೈತೆ. ಹಳೇಬೀಡು ದೇವಸ್ಥಾನ ನೋಡ್ಕೊಂಡು ಬಂದ ಸ್ಕೂಲ್ ಮಕ್ಳು ಮುಂದೆ ಎಲ್ಲೋಗ್ತವೆ? ಬಸದಿ ನೋಡಕ್ ಹೋಗ್ತವೆ. ದಾರೀಲಿ ನಮ್ ಗಾಡಿ. ಕಲ್ಲು ನೋಡಿ ನೋಡಿ ಸಾಕಾಗಿರುತ್ತೆ ಕಣೋ ಅವಕ್ಕೆ."

"ಮೊದ್ಲು ಇದು ಆನ್ ಆಗ್ಲಿ. ಒಳಗೆ ವೈರೇ ಇಲ್ಲ, ಎಲ್ಲ ಇಲಿ ಹೊಟ್ಟೇಲಿದೆ."

"ಅದಕ್ಕೆ ನೀನಿಲ್ವಾ? ದುಡ್ಡು ನಮ್ಮಪ್ಪಂದು, ಕೈ ನಿಂದು. ಅರ್ಧ ನಂದು, ಅರ್ಧ ನಿಂದು. ಏನಂತೀಯ ಪಾರ್ಟ್ನರ್?"

ಸಮ್ಯಕ್ ಟೀ ಲೋಟದೊಳಗೆ ನೋಡುತ್ತ ನಕ್ಕ. "ಬರ್ಕೊಡ್ತೀಯಾ?"

"ಥೂ, ನನ್ ಮಾತಿಗಿಂತ ಕಾಗ್ದ ದೊಡ್ದಾ? ಬೋರ್ಡಲ್ಲೇ ಬರ್ಸಣ. ಶಶಿ ಮತ್ತು ಸಮ್ಯಕ್. ಬೇಕಾದ್ರೆ ನಿನ್ ಹೆಸ್ರು ಮೊದ್ಲು ಹಾಕ್ಸು."

ಪಾರ್ಟ್ನರ್ ಎನ್ನುವ ಆ ಒಂದು ಮಾತು ಸಮ್ಯಕ್‌ನ ಕಿವಿಯಲ್ಲಿ ಜಾವಗಲ್ ದಾಟುವವರೆಗೂ ಗುಂಯ್‌ಗುಟ್ಟುತ್ತಿತ್ತು. ಚಿಕ್ಕಂದಿನಿಂದ ಬೀದಿಯ ಮಿಕ್ಸಿ, ಫ್ಯಾನು, ಟಿವಿಗಳಿಗೆಲ್ಲ ಅವನೇ ವೈದ್ಯ. ಎಲ್ಲರೂ ಕರೆಯುವವರೇ, ಎಲ್ಲರೂ ಹೊಗಳುವವರೇ. ಆದರೆ ಕೆಲಸ ಮುಗಿದ ಮೇಲೆ ಮಿಕ್ಸಿ ಅವರದು, ಫ್ಯಾನು ಅವರದು. ಇವನು ರಿಪೇರಿ ಹುಡುಗ. ಇದೊಂದಾದರೂ ತನ್ನದಾಗಲಿ, ಪೂರ್ತಿ ಬೇಡ, ಅರ್ಧವಾದರೂ ಸಾಕು ಅನ್ನಿಸಿತ್ತು ಅವನಿಗೆ.

ವಾಟರ್ ಸರ್ವಿಸಿನ ಹಿಂದಿನ ಶೆಡ್ಡಿನಲ್ಲಿ ಮೆಷೀನು ಇಳಿಯಿತು. ಜವರಣ್ಣ ಬಂದು ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿದರು.

"ಇದ್ಕೆ ಚಕ್ರ ಎಲ್ಲಿ ಬಿಟ್ ಬಂದ್ರಿ?"

"ಇದು ಹೋಗಲ್ಲ ಅಂಕಲ್. ಕೂತಲ್ಲೇ ಓಡ್ಸೋದು."

"ಹಂಗಾದ್ರೆ ನಮ್ ಶಶಿ ಥರಾನೇ," ಎಂದು ಹೇಳಿ ಹೋದರು.

ಕಾಲೇಜು ಬಿಟ್ಟ ಮೇಲಿನ ಸಂಜೆಗಳೆಲ್ಲ ಅಲ್ಲೇ ಕಳೆದವು. ಸಮ್ಯಕ್ ಒಂದೊಂದೇ ವೈರು ಹಿಡಿದು, ಯಾವುದು ಎಲ್ಲಿಂದ ಹೊರಟು ಎಲ್ಲಿಗೆ ಸೇರಬೇಕಿತ್ತೆಂದು ಟೆಸ್ಟರಿನಲ್ಲಿ ಹುಡುಕಿ, ಕಡಿದ ಕಡೆಯಲ್ಲೆಲ್ಲ ಬೆಸೆದ. ಟಿವಿಯ ಬೋರ್ಡಿನ ಮೇಲೆ ಹೊಟ್ಟೆ ಊದಿಕೊಂಡಿದ್ದ ಕೆಪಾಸಿಟರುಗಳನ್ನು ಕಿತ್ತು, ಅಪ್ಪ ಬೆಂಗಳೂರಿನಿಂದ ರೈಲಿನಲ್ಲಿ ತಂದುಕೊಟ್ಟ ಹೊಸವನ್ನು ಕೂರಿಸಿದ. ಜಿರಲೆ ತಿಂದ ಸ್ಪೀಕರಿನ ಜಾಗಕ್ಕೆ ಆಟೋದ ಸ್ಪೀಕರು ಬಂತು. ಸ್ಟೇರಿಂಗನ್ನು ನಡುಗಿಸುವ ಬೆಲ್ಟು ಹರಿದಿತ್ತು, ಕೆಟ್ಟ ಜೆರಾಕ್ಸ್ ಮೆಷೀನೊಂದರ ಬೆಲ್ಟು ಅಲ್ಲಿಗೆ ಹೇಳಿ ಮಾಡಿಸಿದಂತೆ ಕೂತಿತು. ಬಸ್ಸಿನ ಸೀಟು ಹೊಲಿಯುವವನಿಂದ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದ್ದು ಶಶಿ. ಅಷ್ಟು ಬಿಟ್ಟರೆ ಶಶಿಯ ಕೆಲಸವೆಂದರೆ ಪಕ್ಕದಲ್ಲಿ ಕೂತು ಮೊಬೈಲಿನ ಲೈಟು ಹಿಡಿಯುವುದು ಮತ್ತು ಮಾತಾಡುವುದು. ಎರಡನ್ನೂ ಚೆನ್ನಾಗಿಯೇ ಮಾಡುತ್ತಿದ್ದ.

ಎಲ್ಲಕ್ಕಿಂತ ಕಾಟ ಕೊಟ್ಟದ್ದು ಸ್ಟೇರಿಂಗು. ಪರೀಕ್ಷೆಗೆಂದು ಬೇರೊಂದು ಚಿಕ್ಕ ಟಿವಿ ಜೋಡಿಸಿ ನೋಡಿದರೆ, ನೇರ ಹಿಡಿದರೂ ಕಾರು ಎಡಕ್ಕೇ ಎಳೆಯುತ್ತಿತ್ತು. ಸ್ಟೇರಿಂಗಿನ ಹಿಂದೆ, ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯಂಥದೊಂದು ಸಣ್ಣ ಭಾಗವಿದೆ. ಎಷ್ಟು ತಿರುಗಿಸಿದ್ದಾರೆ ಎಂದು ಮೆಷೀನಿಗೆ ತಿಳಿಸುವುದು ಅದೇ. ಸಮ್ಯಕ್ ಹೊಸದು ಹಾಕಿದ. ಮತ್ತೂ ಎರಡು ಸಂಜೆಗೆ ಕಾರು ಎಡಕ್ಕೆ ವಾಲಿತು. ಬಿಚ್ಚಿ ನೋಡಿದರೆ, ಅದನ್ನು ಹಿಡಿದ ಪುಟ್ಟ ಸ್ಕ್ರೂ ನಡುಕಕ್ಕೆ ಸಡಿಲವಾಗುತ್ತಿತ್ತು. ಬಿಗಿ ಮಾಡಿ, ಅದರ ತಲೆಯ ಮೇಲೆ ತಂಗಿ ಮಾಲಿನಿಯ ನೇಲ್ ಪಾಲಿಷ್ ಒಂದು ಹನಿ ಬಿಟ್ಟ. ಒಣಗಿದ ಮೇಲೆ ಸ್ಕ್ರೂ ಮಿಸುಕಲಿಲ್ಲ.

"ಗಾಡಿಗೂ ಉಗುರಿಗೆ ಬಣ್ಣನಾ?" ಎಂದು ಟೀ ತಂದ ಕೆಂಪಲಕ್ಷ್ಮಮ್ಮ ನಕ್ಕರು. ಅವರು ಶಶಿಯ ಅಮ್ಮ. ಶೆಡ್ಡಿನ ಹಿಂದೆಯೇ ಮನೆ, ಮನೆಯಿಂದ ಟೀ ಶೆಡ್ಡಿಗೇ ಬರುತ್ತಿತ್ತು, ಕಾಯುವ ಗಿರಾಕಿಗಳಿಗೆಂದು ಇಟ್ಟಿದ್ದ ಪೇಪರ್ ಲೋಟದಲ್ಲಿ. "ಕುಡೀಯಪ್ಪ, ಆಗ್ಲಿಂದ ಬಗ್ಗಿ ಬಗ್ಗಿ ಸೊಂಟ ಬಿದ್ದೋಗಿರ್ತದೆ."

ಒಂದು ದಿನ ಮನೆಯಲ್ಲಿ ಲತಾಮಣಿ ಚಪಾತಿ ಲಟ್ಟಿಸುತ್ತ ಸುಮ್ಮನೆ ಕೇಳಿದಂತೆ ಕೇಳಿದರು. "ಅವರ ಮನೆ ಒಳಗೆ ಹೇಗಿದೆಯೋ?"

"ನಾನ್ ಯಾಕೆ ಒಳಗೆ ಹೋಗ್ಲಿ? ಕೆಲ್ಸ ಇರೋದು ಶೆಡ್ಡಲ್ಲಿ."

"ಅಲ್ಲಾ, ಕರೆದ್ರಾ ಅಂತ ಕೇಳ್ದೆ."

"ಅಮ್ಮ, ಶಶಿನೂ ಅದೇ ಪೇಪರ್ ಲೋಟದಲ್ಲೇ ಕುಡಿಯೋದು," ಎಂದು ಸಮ್ಯಕ್ ಸಿಡುಕಿದ. ಲೋಟದ ಮಾತು ಅಮ್ಮ ಎತ್ತೇ ಇರಲಿಲ್ಲವೆನ್ನುವುದು ಕೈ ತೊಳೆಯುವಾಗ ಹೊಳೆಯಿತು.

ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಮೆಷೀನಿಗೆ ಪೂರ್ತಿ ಜೀವ ಬಂತು. ಪರದೆ ಮೊದಲು ಹಸಿರಾಗಿ, ಆಮೇಲೆ ನಡುಗಿ, ಕಡೆಗೆ ನೀಲಿ ಸಮುದ್ರ, ಕರೀ ರಸ್ತೆ, ಸಾಲಾಗಿ ನಿಂತ ಕಾರುಗಳು. ಆಟೋ ಸ್ಪೀಕರಿನಲ್ಲಿ ಇಂಜಿನ್ ಗುಡುಗಿದಾಗ ಸರ್ವಿಸಿನ ಕೆಲಸದವರೆಲ್ಲ ಪೈಪು ಬಿಟ್ಟು ಓಡಿಬಂದರು. ಶಶಿ ಸಮ್ಯಕ್‌ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದ.

ಮೊದಲ ಆಟಕ್ಕೆ ಜವರಣ್ಣನವರನ್ನೇ ಕೂರಿಸಿದರು. ವಯಸ್ಸಿನಲ್ಲಿದ್ದಾಗ ಅವರು ಮಂಗಳೂರು ಲೈನಿನಲ್ಲಿ ಲಾರಿ ಓಡಿಸಿದವರು. ಕೂತವರೇ ಕನ್ನಡಿ ಎಲ್ಲಿ ಎಂದು ಹುಡುಕಿದರು.

"ಹಾರನ್ ಎಲ್ಲೈತ್ಲಾ?"

"ಹಾರನ್ ಇಲ್ಲ ಅಂಕಲ್. ಫುಲ್ ಒತ್ತಿ, ಹಿಂದಿನವ್ರು ಬಂದ್ಬಿಡ್ತಾರೆ."

"ಬರ್ಲಿ ಬಿಡು, ಸೈಡ್ ಕೊಡಣ. ತಿರುವಲ್ಲಿ ಯಾರಾದ್ರೂ ಫುಲ್ ಒತ್ತುತಾರಾ? ಘಾಟಿ ಇದ್ದಂಗೈತೆ." ಗೇರು ಬದಲಿಸುತ್ತ, ಎಲ್ಲರಿಗೂ ದಾರಿ ಬಿಡುತ್ತ, ಎಡಬದಿ ಹಿಡಿದು ನಿಧಾನಕ್ಕೆ ಹೋಗುತ್ತಿದ್ದ ಅವರ ಕಾರಿಗೆ ಸಮಯ ಮುಗಿದು ಆಟ ನಿಂತುಹೋಯಿತು. "ಯಾಕ್ಲಾ ನಿಂತೋಯ್ತು? ಡೀಸೆಲ್ ಖಾಲಿನಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಜವರಣ್ಣ ನಗಲಿಲ್ಲ. ಸೀಟಿನಿಂದ ಇಳಿದು ಸ್ಟೇರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಚಕ್ರ ಇಲ್ದೇ ಇದ್ರೇನು. ಇದೂ ಗಾಡಿನೇ ಅಲ್ವೇನಪ್ಪಾ ಇಂಜಿನಿಯರ್?"

ಆ ಹೊತ್ತಿನ ಸಂತೋಷದಲ್ಲಿ ಸಮ್ಯಕ್ ತಲೆ ಆಡಿಸಿದ. "ಹೌದು ಅಂಕಲ್, ಗಾಡಿನೇ."

ಹಳೇಬೀಡಿನ ಮಳಿಗೆಗೆ ಬಣ್ಣ ಬಳಿದಾಯಿತು. ವಿಜಯದಶಮಿಯ ದಿನ ಅಲ್ಲಿ ಓಪನಿಂಗು ಎಂದು ನಿಶ್ಚಯವಾಯಿತು. ಆಯುಧಪೂಜೆಗೆ ಎರಡು ದಿನ ಇರುವಾಗ ಶಶಿ ಹೇಳಿದ. "ನೀನು ಹಬ್ಬದ ದಿನ ರೆಸ್ಟ್ ತಗೊಳೋ. ಸರ್ವಿಸಲ್ಲಿ ಗಾಡಿ ತೊಳ್ಸೋರ ಜಾತ್ರೆ ಇರುತ್ತೆ, ಕಾಲಿಡಕ್ಕಾಗಲ್ಲ. ಮಾರನೇ ದಿನ ಬೆಳಗ್ಗೆ ಬಾ, ಒಟ್ಗೇ ಹೊರಡಣ."

ಸಮ್ಯಕ್‌ಗೆ ಇದರಲ್ಲಿ ವಿಶೇಷವೇನೂ ಕಾಣಿಸಲಿಲ್ಲ.

ಆಯುಧಪೂಜೆಯ ದಿನ ಮಧ್ಯಾಹ್ನ ಮಂಚದ ಮೇಲೆ ಬಿದ್ದುಕೊಂಡು ಮೊಬೈಲು ಉಜ್ಜುತ್ತಿದ್ದವನಿಗೆ ಶಶಿಯ ಸ್ಟೇಟಸ್ ಕಂಡಿತು. ವಿಡಿಯೋ. ಸರ್ವಿಸಿನ ಅಂಗಳದಲ್ಲಿ ಅವರ ಮೆಷೀನು. ಜವರಣ್ಣ ಪಂಚೆ ಎತ್ತಿಕಟ್ಟಿ, ಲಾರಿ ತೊಳೆಯುವ ಪ್ರೆಷರ್ ಪೈಪು ಹಿಡಿದು, ಸೀಟಿಗೆ, ಸ್ಟೇರಿಂಗಿಗೆ, ಟಿವಿಯ ಬೆನ್ನಿನ ಸೀಳುಗಳಿಗೆ, ಟೋಕನ್ ತೂತಿಗೆ, ಒಂದು ಮೂಲೆಯನ್ನೂ ಬಿಡದೆ ನೀರು ಹೊಡೆಯುತ್ತಿದ್ದರು. ಮಗುವಿಗೆ ಎಣ್ಣೆಸ್ನಾನ ಮಾಡಿಸುವವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ. ಕೆಳಗೆ ಶಶಿ ಬರೆದಿದ್ದ: ನಮ್ಮ ಹೊಸ ಗಾಡಿ.

ಸಮ್ಯಕ್ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ನೀರು ಹೋಗಿರುವುದು ಹೋಗಿದೆ, ಒಣಗಿಸಬಹುದು. ಆದರೆ ಪೂಜೆ ಮುಗಿಸಿ ಸ್ಟಾರ್ಟ್ ಮಾಡಿದರೆ ಎಲ್ಲ ಸುಟ್ಟುಹೋಗುತ್ತದೆ. ಗಾಡಿ ಪೂಜೆ ಮಾಡಿದವರು ಸ್ಟಾರ್ಟ್ ಮಾಡದೆ ಬಿಡುತ್ತಾರೆಯೇ? ಅಮ್ಮನ ಸ್ಕೂಟಿಯ ಬೀಗದಕೈ ಎಳೆದುಕೊಂಡು ಓಡಿದ.

"ಎಲ್ಲಿಗೋ? ಕರೆದ್ರಾ?" ಎಂದರು ಲತಾಮಣಿ ಬಾಗಿಲಿಂದ.

"ಪಾರ್ಟ್ನರ್‌ನ ಕರೀಬೇಕಾ?" ಎನ್ನುತ್ತ ಹೊರಟೇಬಿಟ್ಟ.

ಅರಸೀಕೆರೆಯ ರಸ್ತೆ ತುಂಬ ಹೂವು ಮುಡಿದ ಗಾಡಿಗಳು. ಬಾಳೆಕಂದು ಕಟ್ಟಿಕೊಂಡ ಟ್ರ್ಯಾಕ್ಟರು ರಸ್ತೆಯ ಅಗಲಕ್ಕೂ ತೂಗುತ್ತ ಹೋಗುತ್ತಿತ್ತು. ಅಲ್ಲಲ್ಲಿ ಒಡೆದ ಬೂದುಗುಂಬಳ, ಕುಂಕುಮದ ಕೆಸರು, ಜಾರುವ ಹೂವಿನ ಎಸಳು. ಸಮ್ಯಕ್ ಹಾರನ್ ಒತ್ತುತ್ತ, ಎಡಬಲ ನುಗ್ಗುತ್ತ, ಜವರಣ್ಣ ಕಂಡಿದ್ದರೆ ಬೈಯುವ ಹಾಗೆ ಹೋದ.

ಅಂಗಳದಲ್ಲಿ ಮಂಗಳಾರತಿ ನಡೆದಿತ್ತು. ಮೆಷೀನು ಮೂಡಣಕ್ಕೆ ಮುಖ ಮಾಡಿ ಸೇವಂತಿಗೆ ಹಾರ ಹಾಕಿಕೊಂಡು ನಿಂತಿತ್ತು, ಪೆಡಲುಗಳ ಕೆಳಗೆ ಒಂದೊಂದು ನಿಂಬೆಹಣ್ಣು. ಸ್ಟೇರಿಂಗಿನ ನಡುವೆ ಅರಿಶಿನ, ಅದರ ಮೇಲೆ ಕುಂಕುಮ. ಕೆಂಪಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದಿದ್ದರು, ಯಾರೋ ಗಂಟೆ ಬಾರಿಸುತ್ತಿದ್ದರು, ಶಶಿ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದ. ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಜವರಣ್ಣ ಆರತಿ ಮುಗಿಯುವುದನ್ನೇ ಕಾಯುತ್ತಿದ್ದರು.

"ಅಂಕಲ್, ಹಾಕ್ಬೇಡಿ," ಎಂದು ಸಮ್ಯಕ್ ಕೂಗಿದ್ದು ಗಂಟೆಯಲ್ಲಿ ಮುಳುಗಿತು. ಮೆಷೀನಿಗೆ ಹೋಗಿದ್ದ ವೈರು ಅವನ ಕಾಲ ಹತ್ತಿರವೇ ಇತ್ತು. ಬಗ್ಗಿ ಎಳೆದ. ಗೋಡೆಯಿಂದ ಪ್ಲಗ್ಗು ಕಿತ್ತು ಬಂತು, ಬರುವಾಗ ನೆಲದ ಮೇಲಿದ್ದ ದೀಪವನ್ನು ಕೆಡವಿಕೊಂಡು ಬಂತು. ಎಣ್ಣೆ ರಂಗೋಲಿಯ ಮೇಲೆ ಹರಿಯಿತು. ಬೆಚ್ಚಿದ ಕೆಂಪಲಕ್ಷ್ಮಮ್ಮನ ಕೈಯ ತಟ್ಟೆ ವಾಲಿ, ಕರ್ಪೂರ ಆರಿತು.

ಗಂಟೆ ನಿಂತಿತು. ಎಲ್ಲರ ಕಣ್ಣೂ ಮೊದಲು ದೀಪಕ್ಕೆ, ಆಮೇಲೆ ಸಮ್ಯಕ್‌ನ ಕಾಲಿಗೆ ಹೋದವು. ಅವನು ಶೂ ಬಿಟ್ಟಿರಲಿಲ್ಲ.

"ಒಳಗೆ ನೀರಿದೆ ಅಂಕಲ್. ಕರೆಂಟ್ ಹೋಗಿದ್ರೆ ಎಲ್ಲ ಸುಟ್ಟೋಗ್ತಿತ್ತು."

"ಲಾರಿ ಇಂಜಿನ್‌ಗೇ ನೀರ್ ಹೊಡೀತೀವಿ, ಏನೂ ಆಗಲ್ಲ," ಎಂದರು ಜವರಣ್ಣ. ದನಿ ಎತ್ತಲಿಲ್ಲ. ಎತ್ತಿದ್ದರೆ ಸಮ್ಯಕ್‌ಗೆ ಸಲೀಸಾಗುತ್ತಿತ್ತು. "ಹಚ್ಚಿದ ದೀಪ ಕೆಡವಿದ್ಯಲ್ಲೋ."

"ಹೋಗ್ಲಿ ಬಿಡ್ರಿ," ಎಂದರು ಕೆಂಪಲಕ್ಷ್ಮಮ್ಮ, ಸೆರಗಿನಿಂದ ಎಣ್ಣೆ ಒರೆಸುತ್ತ. "ಅವರ ಕಡೆ ಇವೆಲ್ಲ ಇಲ್ಲ. ಮಗೀಗೆ ಗೊತ್ತಾಗಿಲ್ಲ, ಏನ್ ಮಾಡ್ತದೆ."

ಅದು ಕರುಣೆಯ ಮಾತೇ ಆಗಿತ್ತು. ಸಮ್ಯಕ್ ಮೆಷೀನಿನ ಹಿಂದಿನ ಹಲಗೆ ಬಿಚ್ಚಿದ. ಒಳಗಿಂದ ಬಿಂದಿಗೆ ಬಗ್ಗಿಸಿದ ಹಾಗೆ ನೀರು ಸುರಿಯಿತು. ಎಲ್ಲರೂ ನೋಡಿದರು. ಜವರಣ್ಣ, "ನೀನೇ ಗಾಡಿ ಅಂದ್ಯಲ್ಲಪ್ಪ ಅವತ್ತು," ಎಂದರು. ಅದೂ ಸುಳ್ಳಲ್ಲ.

ಸಮ್ಯಕ್ ಶಶಿಯ ಕಡೆ ತಿರುಗಿದ. "ಪೂಜೆ ಇದೆ ಅಂತ ಒಂದ್ ಮಾತು ಹೇಳ್ಬಾರ್ದಾ? ನಾನಿದ್ದಿದ್ರೆ ಬಟ್ಟೇಲಿ ಒರ್ಸೋಕೆ ಹೇಳ್ತಿದ್ದೆ."

"ನಿಮ್ಮಲ್ಲಿ ಪೂಜೆ ಗೀಜೆ ಮಾಡಲ್ವಲ್ಲ ಕಣೋ," ಎಂದ ಶಶಿ. "ಕರೆದ್ರೆ ನಿಂಗೆ ಮುಜುಗರ ಆಗುತ್ತೆ ಅಂತ. ನಿನ್ ಒಳ್ಳೇದಕ್ಕೇ."

ಯಾರೋ ಮತ್ತೆ ದೀಪ ಹಚ್ಚಿದರು. ಪೂಜೆ ಮುಗಿಯಿತು. ಹಬ್ಬದ ದಿನ ಮಾಲೀಕರು ಕೆಲಸದವರಿಗೆ ಕಡ್ಲೆಪುರಿ, ಸಿಹಿ ಕೊಡುವುದು ವಾಡಿಕೆ. ಜವರಣ್ಣ ಕುರ್ಚಿಯ ಮೇಲೆ ಕೂತರು, ಪಕ್ಕದಲ್ಲಿ ಶಶಿ ಬುಟ್ಟಿ ಹಿಡಿದು ನಿಂತ. ಕೆಲಸದವರು ಸಾಲಾಗಿ ನಿಂತರು. ಪೈಪು ಹಿಡಿದು ಹಿಡಿದು ಬೆರಳು ಬೆಳ್ಳಗಾದ ಹಿರಿಯ ಕೆಲಸಗಾರ ಗಂಗಯ್ಯ ಮೊದಲಿಗೆ. ಸಮ್ಯಕ್ ಮೆಷೀನಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಬೋರ್ಡು ಬಿಚ್ಚುತ್ತಿದ್ದ.

"ಸಮ್ಯಕ್ಕು, ಬಾಪ್ಪ, ನೀನೂ ಈಸ್ಕೊ," ಎಂದರು ಜವರಣ್ಣ. ಸಿಟ್ಟು ಇಳಿದಿತ್ತು, ಮನಸ್ಸಿನಿಂದಲೇ ಕರೆದರು. "ಇವ್ನೂ ದುಡಿದವ್ನೆ ಕಣ್ರಯ್ಯ. ಇವ್ನಿಗೊಂದು ಜಾಸ್ತಿ ಕೊಡ್ಲಾ ಶಶಿ."

ಸಮ್ಯಕ್ ಎದ್ದು ನಿಂತ. ಶಶಿ ತಲೆ ಎತ್ತಿ "ಅವ್ನು ಇತ್ತ ಕಡೆಯವ್ನು ಅಪ್ಪ, ನನ್ ಪಕ್ಕ ನಿಲ್ಲೋನು" ಎನ್ನುತ್ತಾನೆ ಎಂದು ಕಾದ. ಶಶಿ ಬುಟ್ಟಿಯೊಳಗೆ ನೋಡುತ್ತ ಪೊಟ್ಟಣ ಎಣಿಸುತ್ತಿದ್ದ. ಗಂಗಯ್ಯ ಒಂದು ಹೆಜ್ಜೆ ಸರಿದು, ಸಾಲಿನಲ್ಲಿ ತನ್ನ ಪಕ್ಕ ಜಾಗ ಮಾಡಿದ.

"ಬಾ ಮರಿ, ಇಲ್ಲೈತೆ ಜಾಗ."

ಎಲ್ಲರೂ ನೋಡುತ್ತಿದ್ದರು. ದೀಪ ಕೆಡವಿದವನು ಪುರಿಯನ್ನೂ ಬೇಡ ಎನ್ನಬಹುದೇ? ಸಮ್ಯಕ್ ಹೋಗಿ ನಿಂತ. ಬುಟ್ಟಿಯಿಂದ ಎರಡು ಪೊಟ್ಟಣ ಎತ್ತಿ ಅವನ ಕೈಗೆ ಹಾಕಿದ್ದು ಶಶಿಯೇ. ಹಾಕುವಾಗ ಅವನ ಮುಖ ನೋಡಲಿಲ್ಲ.

ಬೋರ್ಡುಗಳನ್ನೂ ಸ್ಟೇರಿಂಗಿನ ಹಿಂದಿನ ಆ ಸಣ್ಣ ಭಾಗವನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು ಸಮ್ಯಕ್ ಮನೆಗೆ ಬಂದ. ತಾರಸಿಯ ಬಿಸಿಲಿಗೆ ಹರಡಿ, ಸ್ಪಿರಿಟ್ ಅದ್ದಿದ ಬ್ರಷ್ಷಿನಲ್ಲಿ ಒಂದೊಂದು ಮೂಲೆಯನ್ನೂ ಉಜ್ಜಿದ. ಕೆಳಗೆ ಇಳಿದು ಬಂದಾಗ ಅಮ್ಮ ಪುರಿಯ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಇದನ್ನ ನಾನು ನೋಡಿ ಎಷ್ಟು ವರ್ಷ ಆಯ್ತೋ. ನಮ್ಮಪ್ಪ ಕೊಬ್ಬರಿ ಮಂಡಿಯಿಂದ ಪ್ರತಿ ಆಯುಧಪೂಜೆಗೂ ತರ್ತಿದ್ರು. ಸಾಹುಕಾರ್ರು ಕೊಟ್ರು ಅಂತ. ನಾವು ಮಕ್ಳು ಬಾಗಿಲಲ್ಲೇ ಕಾಯ್ತಿದ್ವಿ." ಪೊಟ್ಟಣ ತಿರುಗಿಸುತ್ತ ಕೇಳಿದರು. "ಶಶಿ ತಗೊಂಡ್ನಾ, ಕೊಟ್ನಾ?"

ಸಮ್ಯಕ್ ಪೊಟ್ಟಣ ಕಿತ್ತುಕೊಂಡು ಎಸೆಯಲು ಹೋದ. ಅಮ್ಮ ಬಿಡಲಿಲ್ಲ.

"ಪುರಿ ಏನ್ ತಪ್ಪು ಮಾಡ್ತು? ಕೊಡು ಇಲ್ಲಿ." ಈರುಳ್ಳಿ ಹೆಚ್ಚಿ, ಕಾಯಿ ತುರಿದು, ಖಾರದ ಪುಡಿ ಹಾಕಿ ಕಲಸಿದರು. ಮನೆಯವರೆಲ್ಲ ತಿಂದರು. ಮಾಲಿನಿ ಎರಡು ಸಲ ಹಾಕಿಸಿಕೊಂಡಳು. ಸಮ್ಯಕ್ ಮಾತ್ರ ಮುಟ್ಟಲಿಲ್ಲ.

ಮಾರನೇ ಬೆಳಿಗ್ಗೆ ಮನೆಯವರೆಲ್ಲ, ಅಂಬೇಡ್ಕರ್ ಬೌದ್ಧರಾದ ನೆನಪಿಗೆ ಹಾಸನದಲ್ಲಿ ನಡೆಯುವ ಧಮ್ಮ ದಿನದ ಸಭೆಗೆ ಬಿಳಿ ಬಟ್ಟೆ ತೊಟ್ಟು ಹೊರಟರು. ನೀನೂ ಬಾ ಎಂದು ಅಪ್ಪ ಕರೆದರು. ಸಮ್ಯಕ್ ಶೆಡ್ಡಿಗೆ ಹೋದ. ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಸ್ವಿಚ್ ಹಾಕಿದ. ಪರದೆ ಹಸಿರಾಯಿತು, ನಡುಗಿತು, ಸಮುದ್ರ ಬಂತು. ಜವರಣ್ಣ ಅವನ ಬೆನ್ನು ತಟ್ಟಿದರು, ಕೆಂಪಲಕ್ಷ್ಮಮ್ಮ ಎರಡೂ ಕೈಯಿಂದ ಅವನ ದೃಷ್ಟಿ ನಿವಾಳಿಸಿ ಲಟಿಕೆ ಮುರಿದರು.

"ಇನ್ನೊಂದ್ ಸಣ್ಣ ಕೆಲ್ಸ ಇದೆ," ಎಂದ ಸಮ್ಯಕ್ ಶಶಿಗೆ. "ಸ್ಟೇರಿಂಗ್ ಸ್ಕ್ರೂ. ಲೋಡ್ ಮಾಡ್ವಾಗ ಕುಲುಕುತ್ತೆ. ಹಳೇಬೀಡಲ್ಲಿ ಇಳಿಸಿದ್ಮೇಲೆ ಬಿಗಿ ಮಾಡಿ ಪಾಲಿಷ್ ಹಾಕ್ತೀನಿ." ಮಾಲಿನಿಯ ಬಾಟಲಿ ಅವನ ಜೇಬಿನಲ್ಲೇ ಇತ್ತು.

ಮೆಷೀನು ಪಿಕಪ್ಪಿಗೆ ಏರಿತು. ಮುಂದಿನ ಸೀಟಿನಲ್ಲಿ ಶಶಿ, ಜವರಣ್ಣ, ರೇಷ್ಮೆ ಸೀರೆಯ ಕೆಂಪಲಕ್ಷ್ಮಮ್ಮ. ಮೂವರಿಗೇ ಅಲ್ಲಿ ಉಸಿರು ಕಟ್ಟುವಂತಿತ್ತು.

"ನೀನು ಹಿಂದೆ ಹತ್ಕೊಂಡು ಮೆಷೀನ್ ಹಿಡ್ಕೊಳಪ್ಪ," ಎಂದರು ಜವರಣ್ಣ. "ನೀನಿದ್ರೆ ನಮ್ಗೆ ಧೈರ್ಯ."

ಸಮ್ಯಕ್ ಹಿಂದಿನ ಬಾಗಿಲಿನ ಮೇಲೆ ಒಂದು ಕಾಲಿಟ್ಟವನು, ಇಳಿಸಿದ. ಬಂದು ಡ್ರೈವರ್ ಕಿಟಕಿಯ ಹತ್ತಿರ ನಿಂತ.

"ಶಶಿ, ಅಂಕಲ್‌ಗೆ ಹೇಳಿದ್ಯಾ?"

"ಏನನ್ನ?" ಎಂದ ಶಶಿ. ಏನನ್ನ ಎನ್ನುವುದು ಅವನಿಗೆ ಗೊತ್ತಿತ್ತು, ಕಿವಿ ಕೆಂಪಾಯಿತು.

"ಬೇಲೂರಲ್ಲಿ ಹೇಳಿದ್ದನ್ನ. ಅರ್ಧ ನಿಂದು, ಅರ್ಧ ನಂದು ಅಂತ."

ಜವರಣ್ಣ ಮಗನ ಮುಖ, ಸಮ್ಯಕ್‌ನ ಮುಖ ಎರಡನ್ನೂ ನೋಡಿದರು. "ಅರ್ಧ ಏನ್ಲಾ? ದುಡ್ಡು ನಂದು, ಮಳಿಗೆ ಇವಳಣ್ಣಂದು. ನಿನ್ ಕೆಲ್ಸಕ್ಕೆ ಏನ್ ಬೇಕೋ ಕೇಳು, ಕೊಡ್ತೀನಿ. ದುಡಿದೋರ ಹೊಟ್ಟೆ ಮೇಲೆ ಹೊಡೆಯೋ ಮನೆ ಅಲ್ಲ ಇದು."

"ನಿಮ್ಮನ್ನ ಕೇಳ್ತಿಲ್ಲ ಅಂಕಲ್. ಶಶಿ, ನೀನ್ ಹೇಳು."

ಶಶಿ ಸ್ಟೇರಿಂಗಿನ ಮೇಲೆ ಬೆರಳು ಆಡಿಸಿದ. ಹೈಸ್ಕೂಲಿನಲ್ಲಿ ಹೋಂವರ್ಕ್ ತೋರಿಸಿ ಎಂದಾಗಲೂ ಅವನು ಹೀಗೇ ಡೆಸ್ಕಿನ ಮೇಲೆ ಬೆರಳಾಡಿಸುತ್ತಿದ್ದ, ಆಗೆಲ್ಲ ಸಮ್ಯಕ್ ತನ್ನ ಪುಸ್ತಕ ತಳ್ಳುತ್ತಿದ್ದ.

"ಆಮೇಲ್ ಮಾತಾಡಣ ಕಣೋ. ಒಳ್ಳೇ ಗಳಿಗೆ ಮುಗಿದೋಗ್ತದೆ. ಹತ್ತೋ ಸುಮ್ನೆ."

"ನೀವ್ ಹೋಗಿ ಬನ್ನಿ," ಎಂದ ಸಮ್ಯಕ್.

"ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದರು ಕೆಂಪಲಕ್ಷ್ಮಮ್ಮ, ನಿಜವಾದ ಆತಂಕದಿಂದ.

ಸಮ್ಯಕ್ ಪಕ್ಕಕ್ಕೆ ಸರಿದು ನಿಂತ. ಪಿಕಪ್ಪು ಹಾಸನ ರಸ್ತೆಗೆ ಇಳಿದು ತಿರುಗಿತು. ಬಾಳೆಕಂದಿನ ಮರೆಯಲ್ಲಿ ಕೆಂಪು ಸೀಟು ಸ್ವಲ್ಪ ದೂರದವರೆಗೂ ಕಾಣುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ಒಂದೆರಡು ವಾರ ಶಶಿ ಫೋನ್ ಮಾಡಿದ. ಆಮೇಲೆ ಮೆಸೇಜು ಹಾಕಿದ, ಕೈಮುಗಿಯುವ ಚಿತ್ರ ಹಾಕಿದ, ಸಮ್ಯಕ್‌ನ ಹುಟ್ಟುಹಬ್ಬಕ್ಕೆ ಇಬ್ಬರ ಹಳೇ ಫೋಟೋ ಸ್ಟೇಟಸ್ಸಿಗೆ ಹಾಕಿದ. ಅರ್ಧದ ಮಾತು ಮಾತ್ರ ಯಾವುದರಲ್ಲೂ ಇರಲಿಲ್ಲ.

ಡಿಸೆಂಬರಿನಲ್ಲಿ ಲತಾಮಣಿಯವರ ಶಾಲೆಯ ಪ್ರವಾಸ ಬೇಲೂರು, ಹಳೇಬೀಡಿಗೆ ಹೊರಟಿತು. ಮಕ್ಕಳನ್ನು ಹಿಡಿಯಲು ಕೈ ಸಾಲದು ಎಂದು ಅಮ್ಮ ಸಮ್ಯಕ್‌ನನ್ನೂ ಎಳೆದುಕೊಂಡು ಹೋದರು. ದೇವಸ್ಥಾನ ನೋಡಿ, ಬಸದಿಗೆ ನಡೆಯುವ ದಾರಿಯಲ್ಲಿ ಮಕ್ಕಳ ಸಾಲು ಒಮ್ಮೆಲೇ ಮುರಿದು, ತಿರುವಿನ ಮಳಿಗೆಯೊಂದಕ್ಕೆ ನುಗ್ಗಿತು. ಒಳಗಿಂದ ಆಟೋ ಸ್ಪೀಕರಿನ ಗುಡುಗು ಕೇಳುತ್ತಿತ್ತು. ಮೇಲೆ ಬೋರ್ಡು: ಜವರಣ್ಣ ಅಂಡ್ ಸನ್ಸ್.

ಶಶಿ ಟೋಕನ್ ಡಬ್ಬಿ ಹಿಡಿದು ಸ್ಟೂಲಿನ ಮೇಲೆ ಕೂತಿದ್ದ. ಇವನನ್ನು ಕಂಡು ಎದ್ದ, ಡಬ್ಬಿ ಕೈಯಿಂದ ಜಾರುವುದರಲ್ಲಿತ್ತು.

"ಬಾರೋ. ಕೂತ್ಕೋ, ಆಡು. ನಿಂಗೆ ಟೋಕನ್ ಬೇಡ ಕಣೋ."

"ಬೇಡ, ಕೊಡು ಒಂದು," ಎಂದು ಸಮ್ಯಕ್ ಎಲ್ಲರ ಹಾಗೆ ಕಾಸು ಕೊಟ್ಟು ಟೋಕನ್ ತೆಗೆದುಕೊಂಡು, ಮಕ್ಕಳ ಹಿಂದೆ ಸಾಲಿನಲ್ಲಿ ನಿಂತ.

ಸರದಿ ಬಂದು ಕೂತ. ರೆಕ್ಸಿನ್ ಆಗಲೇ ಮಾಸಿತ್ತು. ಸ್ಟೇರಿಂಗಿನ ನಡುವೆ ಕುಂಕುಮದ ಕಲೆ ಹಾಗೇ ಇತ್ತು. ಹಸಿರು ದೀಪ ಬಿತ್ತು, ಕಾರು ಹೊರಟಿತು, ಮೊದಲ ತಿರುವಿಗೂ ಮುಂಚೆ ಎಡಕ್ಕೆ ಎಳೆಯಿತು. ಅವನು ಬಲಕ್ಕೆ ಒತ್ತಿ ಹಿಡಿದ. ನೇರ ರಸ್ತೆಯಲ್ಲೂ ಒತ್ತಿಯೇ ಹಿಡಿಯಬೇಕಾಯಿತು. ಒಂದು ಸ್ಕ್ರೂ, ಅರ್ಧ ಸುತ್ತು, ಒಂದು ಹನಿ ಬಣ್ಣ. ಸಮುದ್ರ, ಸೇತುವೆ, ಸುರಂಗ, ಎಲ್ಲ ದಾಟಿ ಹೋದವು. ತೋಳು ಸೋತಿತು, ಕಾರು ಗೋಡೆಗೆ ಉಜ್ಜುತ್ತ ನಿಂತಿತು.

ಶಶಿ ಪಕ್ಕಕ್ಕೆ ಬಂದು ಬಗ್ಗಿ, ಮಕ್ಕಳಿಗೆ ಕೇಳಿಸದಂತೆ ಹೇಳಿದ. "ಎಡಕ್ಕೆಳೀತದೆ ಕಣೋ. ತಂದಾಗಿಂದ ಹಿಂಗೇ. ಆಡ್ದೋರೆಲ್ಲ ಬೈಕೊಂಡ್ ಹೋಗ್ತಾರೆ. ಏನ್ ಮಾಡೋದು ಹೇಳು."

ಸಮ್ಯಕ್ ಸೀಟಿನಿಂದ ಎದ್ದ.

"ಯಾರಾದ್ರೂ ಮೆಕ್ಯಾನಿಕ್‌ನ ಕರೆಸು."

ಅಷ್ಟರಲ್ಲಿ ಹಿಂದಿನ ಹುಡುಗಿ, "ಅಣ್ಣ, ಈಗ ನಂದು, ನಂದು," ಎಂದು ಟೋಕನ್ ಹಿಡಿದು ನಡುವೆ ನುಗ್ಗಿದಳು.

ಬಸ್ಸು ಜಾವಗಲ್ ದಾಟುವಾಗ ಮಕ್ಕಳೆಲ್ಲ ಆ ಆಟದ್ದೇ ಮಾತು. "ಯಾವನೋ ಬರ್ದೇ ಇರೋನು ಮಾಡವ್ನೆ ಕಣೋ ಅದನ್ನ," ಎಂದು ಹಿಂದಿನ ಸೀಟಿನ ಹುಡುಗನೊಬ್ಬ ತೀರ್ಪು ಕೊಟ್ಟ. "ನೆಟ್ಟಗ್ ಹೋಗದೇ ಇಲ್ಲ." ಎಲ್ಲರೂ ನಕ್ಕರು. ಲತಾಮಣಿ ಮಗನ ಕಡೆ ತಿರುಗಿದರು. ಸಮ್ಯಕ್ ನೋಯುತ್ತಿದ್ದ ಬಲ ತೋಳನ್ನು ಎಡಗೈಯಿಂದ ಒತ್ತಿಕೊಳ್ಳುತ್ತ ಕಿಟಕಿಯ ಆಚೆ ನೋಡುತ್ತ ಕೂತಿದ್ದ, ಆ ಗಾಡಿಗೂ ತನಗೂ ಏನೂ ಸಂಬಂಧವಿಲ್ಲವೆನ್ನುವ ಹಾಗೆ.